ಒಂಬೈನೂರ ಹನ್ನೆರಡನೆಯವನು

ಹಾಸನದ ಟೆನಿಸ್ ಕೋರ್ಟಿಗೆ ಗೆರೆ ಎಳೆಯುವವನು ನಾನು.
ಅವನು ಬಂದದ್ದು ಬೆಳಗಿನ ಬಸ್ಸಿಗೆ,
ಮೈಗಿಂತ ದೊಡ್ಡ ಚೀಲ, ಬಿಸಿಲಿಗೆ ಸುಲಿದ ಮೂಗು.
ಹೆಸರು ರೋರಿ. ಊರು ಇಂಗ್ಲೆಂಡು.
ಲೋಕದ ಪಟ್ಟಿಯಲ್ಲಿ ಒಂಬೈನೂರ ಹನ್ನೆರಡು.

ಅಮ್ಮ ಮೀನಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಾಳಂತೆ,
ಅಂಗಡಿಯ ಹಿಂಗೋಡೆಯೇ ಮೊದಲ ಎದುರಾಳಿಯಂತೆ.
"ಗೋಡೆ ಒಂದ್ಸಲಾನೂ ಸೋಲಲಿಲ್ಲ" ಅಂದ,
ನನ್ನ ಹರುಕು ಇಂಗ್ಲಿಷಿಗೆ ಕೈಸನ್ನೆ ಸೇರಿಸಿ.
ತುಂಡಾದ ತಂತಿ ತಾನೇ ಕಟ್ಟಿಕೊಂಡ;
ಕೂಲಿ ಕೊಟ್ಟರೆ ರಾತ್ರಿ ಊಟಕ್ಕೆ ಕತ್ತರಿ.

ಮೊದಲ ಸುತ್ತು. ನೋಡಲು ನಾವು ಏಳು ಜನ,
ಒಂದು ನಾಯಿ.
ಹುಬ್ಬಳ್ಳಿ ಹುಡುಗ ಹೊಡೆದದ್ದು
ಹೊರಗೆಂದು ಅಂಪೈರು ಕೈ ಎತ್ತಿದ.
ರೋರಿ ಬಗ್ಗಿ ಕೆಮ್ಮಣ್ಣಿನ ಗುರುತು ನೋಡಿದ:
ಸುಣ್ಣಕ್ಕೆ ತಾಗಿತ್ತು, ಉಗುರಿನಷ್ಟು.
"ಇನ್" ಅಂದು ಬೂಟಿನಿಂದ ಒರೆಸಿದ.
ಆ ಪಾಯಿಂಟಿಗೇ ಆಟ ಮುಗಿಯಿತು.

ಫೋನಿನಲ್ಲಿ ಅಮ್ಮನಿಗೆ ಏನು ಹೇಳಿದನೋ,
ನಗುತ್ತಿದ್ದ. ಆಮೇಲೆ ನಲ್ಲಿಯ ಕೆಳಗೆ
ತಲೆಯಿಟ್ಟು ಬಹಳ ಹೊತ್ತು ಇದ್ದ.

ಸಂಜೆ ನೀರು ಹಾಕಿ ರೋಲರ್ ಎಳೆದೆ.
ಬೇಸ್‌ಲೈನಿನ ಆ ಮೂಲೆಗೆ ಬಂದಾಗ
ಸುಮ್ಮನೆ ನಿಂತೆ.
ಮರುದಿನ ಬೇರೆಯವರ ಆಟ,
ಗೆರೆ ನೆಟ್ಟಗಿರಬೇಕಲ್ಲ.