ಅಲ್ಲಾಡಿದವಳು

ಹಿರಿಯೂರಿನ ನನ್ನ ಸ್ಟುಡಿಯೋಕ್ಕೆ ಆಕೆ ಬಂದದ್ದು
ಕರೆಂಟು ಹೋಗಿ ಬಂದು ಮಾಡುತ್ತಿದ್ದ ಒಂದು ಮಂಗಳವಾರ.
ಮೈಸೂರಿನ ಕೋಮಲವಲ್ಲಿ, ಎಪ್ಪತ್ತು ದಾಟಿದವರು,
ಕಂಕುಳಲ್ಲಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಆಲ್ಬಮ್ಮು.
“ನಮ್ಮ ತಾತ ಮಾರಿಕಣಿವೆಯಲ್ಲಿ ಓವರ್‌ಸೀಯರ್ ಆಗಿದ್ದರು.
ಕಟ್ಟೆ ಅರ್ಧ ಎದ್ದಿದ್ದಾಗಿನ ಪಟಗಳಿವು.
ಮೊಮ್ಮಕ್ಕಳಿಗೆಲ್ಲ ಒಂದೊಂದು ಪ್ರತಿ ಕೊಡಬೇಕು,
ಹನ್ನೊಂದು ಮನೆ.”

ಒಂದೊಂದಾಗಿ ಬಿಡಿಸಿದೆ. ಮೂಲೆ ಹಿಡಿದಿದ್ದ ಕಪ್ಪು ಕಾಗದದ ತ್ರಿಕೋನಗಳು
ಮುಟ್ಟಿದ್ದೇ ಉದುರಿದವು, ಒಣಗಿದ ಕರಿಬೇವಿನ ಹಾಗೆ.
ಎರಡು ಗುಡ್ಡ. ನಡುವೆ
ಹಲ್ಲು ಮೂಡುವ ವಸಡಿನಂಥ ಗೋಡೆ.
ವೇದಾವತಿ ಇನ್ನೂ ಯಾರ ಅಪ್ಪಣೆಯೂ ಇಲ್ಲದೆ ಹರಿಯುತ್ತಿದೆ.
“ಇವಳು ಅಜ್ಜಿ, ಮದುವೆಯಾದ ವರ್ಷ, ಹದಿನಾಲ್ಕು ತುಂಬಿತ್ತು.
ಇದು ತಾತನ ಕುದುರೆ, ಮೋತಿ ಅಂತ ಹೆಸರು.”
ಕುದುರೆಯೂ ಪಟಕ್ಕೆಂದೇ ನಿಂತಿದೆ,
ಬಾಲ ಮಾತ್ರ ಹೊಗೆ.

ಕೊನೆಯದಕ್ಕೆ ಬಂದಾಗ ಆಕೆಯೇ ತೋರಿಸಿದರು:
“ಇಲ್ಲೊಂದು ಕಲೆಯಿದೆ ನೋಡಿ, ಅಜ್ಜಿಯ ಕುರ್ಚಿಯ ಹಿಂದೆ.
ತೇವ ತಾಗಿರಬೇಕು. ಕಂಪ್ಯೂಟರಿನಲ್ಲಿ ತೆಗೆದುಬಿಡ್ತೀರಲ್ವಾ?”

ದಿನಾ ನನ್ನದು ಅದೇ ಕೆಲಸ.
ಮದುಮಗನ ಮೊಡವೆ, ಪಾಸ್‌ಪೋರ್ಟ್ ಫೋಟೋದ ಹಿಂದಿನ ಸುಣ್ಣದ ಗೋಡೆ,
ತೀರಿಕೊಂಡವರ ಪಕ್ಕದಲ್ಲಿ ಉಳಿದ ಬದುಕಿರುವವರ ಭುಜ,
ಎಲ್ಲ ಅಳಿಸುತ್ತೇನೆ. ಚೆನ್ನಾಗೇ ಅಳಿಸುತ್ತೇನೆ.

ದೊಡ್ಡದು ಮಾಡಿದೆ. ಇನ್ನೂ ದೊಡ್ಡದು.
ಕಲೆಗೆ ಕಾಲು ಬಂತು.
ಮೇಲಕ್ಕೆತ್ತಿದ ಕೈ ಬಂತು, ಕೈಯಾಸರೆಗೆ ಪುಟ್ಟಿ,
ಪುಟ್ಟಿಯಲ್ಲಿ ಗಾರೆಯೋ ಜಲ್ಲಿಯೋ.
ಮುಖ ಇರಬೇಕಾದಲ್ಲಿ
ಬಿಳಿ ಗೀರು.

ಆಗಿನ ಕ್ಯಾಮೆರಾ ನಿಧಾನಸ್ಥ, ನಿಂತವರನ್ನಷ್ಟೇ ಹಿಡಿಯುತ್ತಿತ್ತು.
“ಅಲ್ಲಾಡಬೇಡಿ” ಅಂದದ್ದು ಕುರ್ಚಿಗೆ, ಪೇಟಕ್ಕೆ, ಕುದುರೆಗೆ.
ಅವಳಿಗೆ ಯಾರೂ ಅನ್ನಲಿಲ್ಲ,
ಅಂದು, ಅವಳು ನಿಂತಿದ್ದರೆ ಮೇಸ್ತ್ರಿ ಸುಮ್ಮನಿರುತ್ತಿದ್ದನೇ?

ನಮ್ಮ ಮನೆಯಲ್ಲಿ ಆ ಕಾಲದ ಪಟ ಒಂದೂ ಇಲ್ಲ.
ಒಂದು ಸುತ್ತಿಗೆ ಇದೆ, ಕಾವು ಮೂರು ಸಲ ಬದಲಾಗಿದೆ.
ಒಂದು ಮಾತಿದೆ. ಅಪ್ಪನ ಅಜ್ಜಿ ಸುಂಕ್ಲಮ್ಮ
ನಮ್ಮ ಮನೆಯ ಒಡ್ಡ ತೆಲುಗಿನಲ್ಲಿ ಅನ್ನುತ್ತಿದ್ದಳಂತೆ,
ಬೋಳಾದ ನಡುನೆತ್ತಿ ಸವರಿಕೊಂಡು:
ಆ ಕಟ್ಟೆಯೊಳಗೆ ನನ್ನ ಕೂದಲೈತೆ.

ಇವಳೇ ಅವಳು ಅನ್ನಲು ಆಧಾರವೇನೂ ಇಲ್ಲ.
ಹೊತ್ತವರು ಎಷ್ಟು ಸಾವಿರವೋ.
ಆದರೂ ಬಾಯಿಗೆ ಬಂದುಬಿಟ್ಟಿತು:
“ಇದು ಕಲೆಯಲ್ಲಮ್ಮ. ನಮ್ಮವರು.”

ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು,
ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.
ಕರೆಂಟು ಹೋಯಿತು, ಫ್ಯಾನು ನಿಂತಿತು, ಯುಪಿಎಸ್ಸು ಕುಂಯ್‌ಗುಟ್ಟಿತು.
“ಚಿಕ್ಕಂದಿನಿಂದ ನೋಡಿದ್ದೇನೆ ಈ ಪಟ.
ಅಜ್ಜಿ ಒಬ್ಬಳೇ ಕೂತಿದ್ದಾಳೆ ಅಂದುಕೊಂಡಿದ್ದೆ.”
ಆಮೇಲೆ ಎಷ್ಟೋ ಹೊತ್ತಿಗೆ:
“ಹಾಗೇ ಇರಲಿ. ಹನ್ನೆರಡು ಪ್ರತಿ ಮಾಡಿ.”

ಹನ್ನೆರಡಕ್ಕೂ ದುಡ್ಡು ಎಣಿಸಿಟ್ಟರು.
ಬೇಡವೆಂದೆ. ಕೇಳಲಿಲ್ಲ.

ಆ ವರ್ಷ ಕೋಡಿ ಬಿದ್ದಾಗ ಊರಿಗೆ ಊರೇ ಫೋನು ಹಿಡಿದು ನಿಂತಿತ್ತು.
ಈಗಿನ ಫೋನಿನಲ್ಲಿ ಹಾರುವ ಹನಿಯೂ ಗಕ್ಕನೆ ನಿಲ್ಲುತ್ತದೆ.
ನಾನೂ ನಾಲ್ಕು ತೆಗೆದೆ. ಯಾವುದೂ ಪ್ರಿಂಟು ಹಾಕಿಸಲಿಲ್ಲ.

ನಮ್ಮ ನಡುಮನೆಯ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕ,
ಹದಿನಾಲ್ಕರ ಒಬ್ಬ ಅಯ್ಯಂಗಾರ್ ಹುಡುಗಿ ಕುರ್ಚಿಯಲ್ಲಿ ಕೂತಿದ್ದಾಳೆ.
ಬಂದವರು ಯಾರಿದು, ನಿಮಗೇನಾಗಬೇಕು ಅಂತಾರೆ.
ಹಿಂದೆ ನೋಡಿ ಅನ್ನುತ್ತೇನೆ. ಎಲ್ಲಿ ಅಂತಾರೆ.
ಬೆರಳಿಟ್ಟು ತೋರಿಸಿದರೆ
ಬೆರಳಡಿಗೆ ಪೂರ್ತಿ ಮುಚ್ಚಿಹೋಗುತ್ತಾಳೆ,
ತೆಗೆದರೆ
ನಡೆಯುತ್ತಿದ್ದಾಳೆ.