ನಾಲ್ಕೂವರೆಗೆ ಹಾಲ್ ಖಾಲಿ ಮಾಡಬೇಕು

ಹಲ್ಲಿನ ಲ್ಯಾಬಿನಲ್ಲಿ ನನಗೆ ಹದಿನೇಳು ವರ್ಷ.
ಕಾಣದ ಬಾಯಿಗಳಿಗೆ ಹಲ್ಲು ಕಟ್ಟುವುದು ಕೆಲಸ.
ಉಳಿದ ಪ್ಲಾಸ್ಟರಿನಲ್ಲಿ ಗುಡ್ಡ ಮಾಡುತ್ತೇನೆ,
ಸೊನ್ನೆ ನಂಬರಿನ ಬ್ರಶ್ಶಿನಲ್ಲಿ
ಹೆಬ್ಬೆರಳ ಗೆಣ್ಣಿನಷ್ಟೆತ್ತರದ ಸಿಪಾಯಿಗೆ
ಉಸಿರು ಹಿಡಿದು ಕಣ್ಣು ಬರೆಯುತ್ತೇನೆ.
ಎಡಗಣ್ಣು ಮೊದಲು. ಬಲಗಣ್ಣು ಯಾವಾಗಲೂ
ಸ್ವಲ್ಪ ಗಾಬರಿಯಲ್ಲೇ ಬರುತ್ತದೆ.

ಆದಿತ್ಯವಾರ, ನೂರ ಹನ್ನೆರಡು ಜನರನ್ನು
ಬೇಕರಿಯ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿ
ಸ್ಟೇಟ್‌ಬ್ಯಾಂಕಿನಲ್ಲಿ ಬೆಂದೂರಿನ ಬಸ್ಸು ಹತ್ತಿದೆ.
"ಎಂತ ಅಕ್ಕ, ಕೇಕಾ?" ಕಂಡಕ್ಟರ್ ಕೇಳಿದ.
"ಸೈನ್ಯ" ಅಂದೆ.
ನಕ್ಕು, ಡಬ್ಬಿಗೊಂದು ಸೀಟು ಕೊಡಿಸಿದ.

ಬಾಗಿಲಲ್ಲಿ ಎರಡು ಬೋರ್ಡು:
"ಮೇಜಿನ ಮೇಲಿನ ಯುದ್ಧಗಳು, ಪ್ರವೇಶ ಉಚಿತ."
ಪಕ್ಕದಲ್ಲಿ ಮಲ್ಲಿಗೆ ಸುತ್ತಿದ್ದು:
"ಅಲ್ವಿಟಾಳ ರೋಸ್, ಸಂಜೆ ಆರಕ್ಕೆ."
ಮ್ಯಾನೇಜರ್ ಸಿಕ್ವೇರಾ ಮೊದಲೇ ಹೇಳಿದ್ದರು:
"ನಿಮ್ಮ ಯುದ್ಧ ಎಂತದೇ ಇರಲಿ ಮಾರಾಯ್ರೆ,
ನಾಲ್ಕೂವರೆಗೆ ಮುಗಿಯಬೇಕು."

ಒಳಗೆ ಹನ್ನೊಂದು ಮೇಜು. ಒಂದರಲ್ಲಿ ಹಿಮ,
ಅಡಿಗೆ ಸೋಡಾದ್ದು; ನಮ್ಮ ಸೆಕೆಗೆ ಆಗಲೇ ಗಂಟು ಕಟ್ಟಿತ್ತು.
ಕಾಟಿಪಳ್ಳದ ಮುಸ್ತಾಕ್ ಮರುಭೂಮಿ ತಂದಿದ್ದ:
ತಣ್ಣೀರುಬಾವಿಯ ಮರಳು, ಒಂದು ಚಮಚ ಅರಿಸಿನ.
ಕಾಲೇಜು ಹುಡುಗರದು ಬೇರೆಯೇ ಗ್ರಹ.
ಗೋಂದು ಒಣಗದೆ, ಒಬ್ಬ ರಾಕ್ಷಸನ ಕೊಡಲಿ
ಇನ್ನೊಬ್ಬನ ಬೆನ್ನಿಗಂಟಿ
ಇಬ್ಬರೂ ಒಟ್ಟಿಗೇ ನಡೆಯುತ್ತಿದ್ದರು.

ನನ್ನದು ಅಳಿವೆ. ಮುರಕಲ್ಲಿನ ಪುಡಿಯ ದಡ,
ಹೆಸರಿಲ್ಲದ ಕೋಟೆ, ಹೆಸರಿಲ್ಲದ ಶತ್ರು.
"ಯಾವ ಯುದ್ಧ ಇದು?" ಎಂದವರಿಗೆಲ್ಲ
"ಆಗದೇ ಇದ್ದದ್ದು" ಅಂದೆ.

ಎದುರಿಗೆ ಸುರತ್ಕಲ್ಲಿನ ಭೂಗೋಳದ ಮೇಷ್ಟ್ರು, ಕರ್ಕೇರರು.
ಅರ್ಧ ಇಂಚಿಗೆ ಅರ್ಧ ಗಂಟೆ ವಾದಿಸುವ ಮನುಷ್ಯ,
ದಾಳ ಹಾಕುವ ಮೊದಲು ಮಾತ್ರ
ಮುಷ್ಟಿಗೆ ಬಾಯಿಟ್ಟು ತುಳುವಿನಲ್ಲಿ ಬೈಯುತ್ತಾರೆ.
ಆರು ಬಿತ್ತು.
ನನ್ನ ಎಡದ ತುಕಡಿ ಹೋಯಿತು.

ಎರಡು ಗಂಟೆ. ಗೋಳಿಬಜೆಯ ಎಣ್ಣೆ ಕೈಗಳಲ್ಲಿ
ಯಾರೂ ಏನೂ ಮುಟ್ಟದ ಹೊತ್ತು.
ವಾಚ್‌ಮನ್ ಬಂದು ನಿಂತರು.
ಜೇಬಿನ ಮೇಲೆ ಹಾಲ್‌ನ ಹೆಸರು,
ನಿಂತ ರೀತಿ ಮಾತ್ರ ಹಿಂದಿನ ಯಾವುದೋ ಕೆಲಸದ್ದು.
"ಇವರಿಗೆ ನೀರು ಯಾರು ತರುವುದು?"
"ನದಿ ಉಂಟಲ್ಲ."
"ಅಳಿವೆ ಅಲ್ವಾ. ಉಪ್ಪು."

ಕರ್ಕೇರರು ಟೇಪು ಸುತ್ತಿಟ್ಟರು.
ನಿಯಮದ ಪುಸ್ತಕದಲ್ಲಿ ನೂರ ನಲವತ್ತು ಪುಟ:
ಗುಂಡು ಎಷ್ಟು ದೂರ ಎಂದು ಉಂಟು,
ಹೆದರಿಕೆಗೂ ಒಂದು ಪಟ್ಟಿ ಉಂಟು,
ಬಾಯಾರಿಕೆಗೆ ಇಲ್ಲ.

ಲ್ಯಾಬಿನ ಗುಲಾಬಿ ಮೇಣ ಬ್ಯಾಗಿನಲ್ಲಿತ್ತು.
ಎರಡು ಕಾಲು, ಒಂದು ಸೊಂಟ, ಸೊಂಟಕ್ಕೊಂದು ಕೊಡ.
ಕಣ್ಣು ಬರೆಯಲು ಹೊತ್ತಿರಲಿಲ್ಲ.
ವಾಚ್‌ಮನ್ ಅವಳನ್ನು ಎರಡೇ ಬೆರಳಲ್ಲಿ ಎತ್ತಿ
ಸೈನ್ಯದ ಹತ್ತಿರ ಇಡಲಿಲ್ಲ,
ಮೇಜಿನ ತೀರಾ ಅಂಚಿಗೆ ಇಟ್ಟರು.
"ಅಲ್ಲಿಂದ ನಡೆದು ಬರ್ಬೇಕು."
ಆಮೇಲೆ ಗೇಟಿನಲ್ಲಿ ಸ್ಕೂಟರು ಸರಿಸಲು ಹೋದರು.

ಸರದಿಗೆ ನಾಲ್ಕು ಇಂಚು ಅವಳಿಗೆ.
ಯಾರ ಕಡೆಯವಳೆಂದು ತೀರ್ಮಾನವಾಗದೆ
ಒಮ್ಮೆ ನಾನು, ಒಮ್ಮೆ ಅವರು ನಡೆಸಿದೆವು.
ಕರ್ಕೇರರು ಅಳೆಯಲಿಲ್ಲ,
ಕೈಯಂದಾಜಿಗೆ ತುಸು ಹೆಚ್ಚೇ ಸರಿಸಿದರು.

ನಾಲ್ಕು ಇಪ್ಪತ್ತಕ್ಕೆ ಬಡಿಸುವ ಹುಡುಗರು:
"ಅಕ್ಕ, ಮೇಜು."
ಹಿಂದೆಯೇ ತೆಂಗಿನ ಹಾಲಿನ ಪರಿಮಳ.
ಕೋಟೆ ಬಿದ್ದಿರಲಿಲ್ಲ, ಗೆದ್ದವರೂ ಇರಲಿಲ್ಲ.
ನದಿಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟೆ.
ಮುಸ್ತಾಕ್ ಮರುಭೂಮಿಯನ್ನು ಅಕ್ಕಿಚೀಲಕ್ಕೆ ಸುರಿದ.

ಬಸ್ಸಿನಲ್ಲಿ ಎಣಿಸಿದೆ. ನೂರ ಹನ್ನೆರಡು, ಸರಿ,
ಸತ್ತವರೂ ಸೇರಿ.
ಬಲ್ಮಠ ದಾಟಿದ ಮೇಲೆ ನೆನಪಾಯಿತು,
ಅವಳು ಲೆಕ್ಕದಲ್ಲೇ ಇರಲಿಲ್ಲ.

ಈಗ ಬಿಳಿ ಬಟ್ಟೆ ಹಾಸಿ
ಸನ್ನಾಸಿನ ತಟ್ಟೆ ಜೋಡಿಸುತ್ತಿರಬಹುದು.
ಮೇಣ ಅದು, ಬಿಸಿ ಪಾತ್ರೆ ತಾಗಿದರೆ ಸಾಕು.
ಇನ್ನೂ ಹದಿನಾಲ್ಕು ಇಂಚು ಬಾಕಿ ಇತ್ತು.