ಹಾ ಎಂಬ ಅಕ್ಷರ

ಗ್ಯೋರ್ಲಿಟ್ಸಿನ ಮುಚ್ಚಿದ ಶಾಲೆಯೊಂದರಿಂದ
ಹರಾಜಿನಲ್ಲಿ ಬಂದದ್ದು ಫ್ರೌ ತೀಲೆಯ ಪಿಯಾನೊ.
ನಾನು ಬೇಕರಿಯವ, ರಾತ್ರಿಪಾಳಿ.
ಐವತ್ಮೂರಕ್ಕೆ ಅಕ್ಷರಾಭ್ಯಾಸ,
ಉಗುರಸಂದಿಯಲ್ಲಿ ರೈ ಹಿಟ್ಟು.
"ತೊಳೆದು ಬಾ" ಎನ್ನುತ್ತಾಳೆ ಪ್ರತಿ ಮಂಗಳವಾರ.
ತೊಳೆದೇ ಬಂದಿರುತ್ತೇನೆ.

ಆ, ಹಾ, ತ್ಸೇ, ದೇ, ಏ, ಎಫ್, ಗೇ.
ಇದೆಂಥ ವರ್ಣಮಾಲೆ? ಎರಡನೆಯವನ ಮನೆಯಲ್ಲಿ
ಎಂಟನೆಯವ ಬಂದು ಕೂತಿದ್ದಾನೆ, ಯಾಕೆ?

ಆಕೆ ಪೆನ್ಸಿಲಿನಲ್ಲಿ ಬೇ ಬರೆದಳು, ಎರಡು ಥರ.
ಒಂದಕ್ಕೆ ದುಂಡು ಹೊಟ್ಟೆ, ಒಂದಕ್ಕೆ ಚೌಕದ್ದು.
ದುಂಡನೆಯದು ಮೆತ್ತಗೆ, ಅರೆಹೆಜ್ಜೆ ಕೆಳಗೆ.
ಚೌಕದ್ದು ಗಟ್ಟಿ. ಅದರ ಅಡಿಗೆರೆ ಸವೆದು ಸವೆದು
ಯಾರದೋ ಕಣ್ಣಿಗೆ ಹಾ ಆಗಿ ಕಂಡಿತಂತೆ,
ಅಚ್ಚಿನ ಮೊಳೆಯೂ ಅದೇ ಬಿತ್ತಂತೆ.
"ಒಂದು ಓದುತಪ್ಪು. ಎಷ್ಟೋ ನೂರು ವರ್ಷದಿಂದ
ಶ್ರುತಿ ತಪ್ಪದೆ ನುಡಿಯುತ್ತಿದೆ."

ಆಕೆಯ ಪಿಯಾನೊದಲ್ಲಿ ಮಾತ್ರ ನುಡಿಯುವುದಿಲ್ಲ.
ನಟ್ಟನಡುವಿನ ಹಾ ಒತ್ತಿದರೆ
ಠಕ್ ಎನ್ನುವ ಮರ, ಅಷ್ಟೆ.
ಒಳಗಿನ ಸುತ್ತಿಗೆಯ ಕತ್ತು ಮುರಿದು ಎರಡು ಚಳಿಗಾಲವಾಯಿತು.
ರಿಪೇರಿಯವನು ಡ್ರೆಸ್ಡೆನ್ನಿಂದ ಬರಬೇಕು, ಬಂದಿಲ್ಲ.

ಇವತ್ತು ಸ್ವರ ಮೂರನ್ನು ಕಟ್ಟುವ ಪಾಠ.
ಒಂದು ಹಿಡಿ, ಒಂದು ಬಿಡು, ಒಂದು ಹಿಡಿ.
ಗೇಯಿಂದ ಎಣಿಸು, ಕಪ್ಪು ಬಿಳಿ ಭೇದ ಬೇಡ:
ಮೂರು ಅರೆಹೆಜ್ಜೆಗೆ ಬೇ, ಮತ್ತೆ ನಾಲ್ಕಕ್ಕೆ ದೇ.
ಒತ್ತಿದೆ. ಕಿಟಕಿಯಾಚೆ ನೈಸೆ ನದಿ
ಒಂದಿಷ್ಟು ಮಬ್ಬಾಯಿತು.
ಇದು ಗೇ ಮೋಲ್.
ಈಗ ನಾಲ್ಕು ಮೊದಲು, ಮೂರು ಆಮೇಲೆ.
ಕೂಡಿದರೆ ಏಳೇ. ಆಚೆಯದು ಈಚೆಯದು ಕದಲಬಾರದು,
ನಡುವಿನ ಬೆರಳೊಂದೇ ಅರೆಹೆಜ್ಜೆ ಮೇಲೆ.

ಠಕ್.

ಗೇ ಇದೆ, ದೇ ಇದೆ. ಗೋಡೆಗಳೆರಡು ನಿಂತಿವೆ,
ಒಳಗೆ ಯಾರಿದ್ದಾರೋ ಗೊತ್ತಿಲ್ಲ.
"ಇದಕ್ಕೇನು ಹೆಸರು?"
"ಹೆಸರಿಡುವುದು ನಡುವಿನದು. ಹಾಡು."

ನನಗೆ ಹಾಡಲು ಬರುವುದಿಲ್ಲ.
ಇಗರ್ಜಿಯಲ್ಲಿ ನಲವತ್ತು ವರ್ಷ ಬರೀ ತುಟಿಯಾಡಿಸಿದವ.
ಬೆರಳೆರಡನ್ನು ಒತ್ತಿ ಹಿಡಿದಿದ್ದೆ, ನಾದ ಇಳಿಯುತ್ತಿತ್ತು.
ಆಕೆ ಕನ್ನಡಕ ತೆಗೆದು ಕಾಯುತ್ತಿದ್ದಳು.

ಹಾ, ಎಂದೆ.
ನಿಟ್ಟುಸಿರಿಗೂ ಇದೇ ಹೆಸರಲ್ಲವೆ.
ಮೊದಲು ತಗ್ಗಾಯಿತು. ಬೇ ಅಲ್ಲ, ಹಾ ಅಲ್ಲ,
ಯಾವ ಅಕ್ಷರವೂ ಸಿಗದ ಸಂದಿಯಲ್ಲೆಲ್ಲೋ.
ಆಕೆಯ ಹೆಬ್ಬೆರಳು ಮೇಲಕ್ಕೆಂದಿತು.
ಏರಿಸಿದೆ.

ಒಲೆಯ ಬಾಗಿಲು ತೆರೆದಾಗ ಮುಖಕ್ಕೆ ಬಂದು ಬಡಿಯುತ್ತದಲ್ಲ,
ಅಂಥದ್ದು.

"ಗೇ ದೂರ್," ಎಂದಳು, ಕನ್ನಡಕ ಹಾಕಿಕೊಳ್ಳುತ್ತ.
"ಮುಂದಿನ ವಾರ ಉಗುರು ತೊಳೆದು ಬಾ."